ನೀವು ಕೇಳಿದಿರಿ: ಎಐ ಹೇಳಿದ್ದಾಯಿತು, ನಿಮಗೇನನಿಸಿತು?

ಎಐ ಬಗ್ಗೆ ಪ್ರಶ್ನೆಗಳಿದ್ದರೆ ಕಳಿಸಿ ಅಂತ ಕಳೆದ ತಿಂಗಳು ಕೇಳಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಚಿಂತೆ. ಯಂತ್ರವೇ ಉತ್ತರ ಕೊಡುತ್ತಿರುವಾಗ ನಾವು ಕೂತು ಯೋಚಿಸುವುದಕ್ಕೆ ಏನು ಬೆಲೆ ಉಳಿಯಿತು? ಈ ಸಲ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇನೆ. ಉದ್ದದ ಪತ್ರಗಳನ್ನು ಮೊಟಕು ಮಾಡಿದ್ದೇನೆ. ಹೆಸರು ಬೇಡ ಎಂದವರೇ ಜಾಸ್ತಿ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ಒಂದು ಗಂಟೆ ತಲೆ ಕೆಡಿಸಿಕೊಂಡು ಬರೆಯುವ ಉತ್ತರಕ್ಕಿಂತ ಚಾಟ್‌ಜಿಪಿಟಿ ಹತ್ತು ಸೆಕೆಂಡಿನಲ್ಲಿ ಕೊಡುವ ಉತ್ತರವೇ ಚೆನ್ನಾಗಿರುತ್ತದೆ. ಮತ್ತೆ ನಾನ್ಯಾಕೆ ಕಷ್ಟಪಡಬೇಕು? ಬೈಬೇಡಿ, ನಿಜವಾಗಿಯೂ ಗೊತ್ತಾಗದೆ ಕೇಳುತ್ತಿದ್ದೇನೆ.
– ಕಾಲೇಜು ವಿದ್ಯಾರ್ಥಿನಿ

ಉತ್ತರ: ಬೈಯುವ ಮಾತೇ ಇಲ್ಲ. ಇಷ್ಟು ನೇರವಾಗಿ ಕೇಳಿದ್ದು ನನಗೆ ಇಷ್ಟವಾಯಿತು. ಒಂದು ಚಿಕ್ಕ ಲೆಕ್ಕ ಕೊಡುತ್ತೇನೆ, ಮುಂದೆ ಓದುವ ಮೊದಲು ಉತ್ತರವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ಒಂದು ಕೆರೆಯಲ್ಲಿ ನೈದಿಲೆ ಎಲೆಗಳು ಹರಡುತ್ತಿವೆ. ಪ್ರತಿದಿನ ಹಿಂದಿನ ದಿನದ ಎರಡರಷ್ಟಾಗುತ್ತವೆ. 48ನೇ ದಿನಕ್ಕೆ ಕೆರೆ ಪೂರ್ತಿ ಮುಚ್ಚಿಹೋಗುತ್ತದೆ. ಅರ್ಧ ಕೆರೆ ಮುಚ್ಚಿದ್ದು ಎಷ್ಟನೇ ದಿನ?

24 ಅಂತ ಬಾಯಿಗೆ ಬಂತು, ಅಲ್ವಾ? ತುಂಬಾ ಜನಕ್ಕೆ ಮೊದಲು ಬರುವುದೇ ಅದು. ಆಮೇಲೆ ಒಳಗೆಲ್ಲೋ ಚುಚ್ಚಿದಂತಾಗುತ್ತದೆ. ತಡಿ, ದಿನಾ ಎರಡರಷ್ಟಾಗುತ್ತದೆ ಅಂದರೆ ಹಿಂದಿನ ದಿನ ಅರ್ಧ ಇರಬೇಕಲ್ಲ? ಹಾಗಾದರೆ 47. ಇದು ಶೇನ್ ಫ್ರೆಡರಿಕ್ ಎಂಬ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಮೂರು ಪ್ರಶ್ನೆಗಳ ಪರೀಕ್ಷೆಯಿಂದ ತೆಗೆದುಕೊಂಡದ್ದು. ಹೆಸರುವಾಸಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಸೇರಿ 3,000ಕ್ಕೂ ಹೆಚ್ಚು ಜನ ಅದನ್ನು ಬರೆದರು. ಸುಮಾರು ಮೂರರಲ್ಲಿ ಒಬ್ಬರಿಗೆ ಒಂದೂ ಸರಿ ಬರಲಿಲ್ಲ. ಲೆಕ್ಕ ಬಾರದವರೇನಲ್ಲ ಅವರು, ಮೊದಲು ಹೊಳೆದದ್ದನ್ನು ತಡೆದು ನೋಡಲಿಲ್ಲ, ಅಷ್ಟೇ.

ಇದೇ ಲೆಕ್ಕವನ್ನು ಎಐಗೆ ಕೊಟ್ಟರೆ 47 ಅಂತಲೇ ಹೇಳುತ್ತದೆ. ಉತ್ತರ ಸರಿ. ಆದರೆ ಆ 'ತಡಿ' ಇದೆಯಲ್ಲ, 24 ಮತ್ತು 47ರ ನಡುವೆ ಬಂದ ಆ ಒಂದು ಕ್ಷಣ, ಅದು ನಿಮ್ಮ ತಲೆಯಲ್ಲಿ ನಡೆಯಲೇ ಇಲ್ಲ. ನಾಳೆ ಎಐ ಬೇರೇನೋ ಒಂದು ತಪ್ಪು ಉತ್ತರವನ್ನು ಇಷ್ಟೇ ಚೆಂದವಾಗಿ ಬರೆದುಕೊಟ್ಟಾಗ ನಿಮ್ಮನ್ನು ಕಾಪಾಡಬೇಕಾದದ್ದು ಆ 'ತಡಿ'. ಅದು ತಾನಾಗಿ ಬರುವುದಿಲ್ಲ, ಒದ್ದಾಡಿ ಒದ್ದಾಡಿ ಅಭ್ಯಾಸವಾದವರಿಗೆ ಬರುತ್ತದೆ. ಅನುಮಾನ ಪಡುವುದಕ್ಕೂ ಕೈಯಲ್ಲಿ ಸ್ವಲ್ಪ ಬಂಡವಾಳ ಬೇಕು. ಏನೂ ಗೊತ್ತಿಲ್ಲದ ವಿಷಯದಲ್ಲಿ ಯಾರು ಏನು ಹೇಳಿದರೂ ನಿಜವೇ ಅನಿಸುತ್ತದೆ.

ಹಾಗಾಗಿ ನಾನು ಕೇಳಿಕೊಳ್ಳುವುದು ಇಷ್ಟು. ಎಐ ತೆರೆಯುವ ಮೊದಲು ಒಂದು ಹಾಳೆಯ ಮೇಲೆ ನಿಮಗೆ ತೋಚಿದ್ದನ್ನು ನಾಲ್ಕು ಸಾಲು ಬರೆಯಿರಿ. ತಪ್ಪಿರಲಿ, ಅರೆಬರೆ ಇರಲಿ, ಪರವಾಗಿಲ್ಲ. ಆಮೇಲೆ ಎಐ ಕೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ನಿಲ್ಲಿ. ಯಾರು ಸರಿ, ಯಾಕೆ ಸರಿ ಎಂದು ಹುಡುಕಿ. ನನ್ನ ಅನುಭವದಲ್ಲಿ ಅರ್ಧ ಓದು ಆ ಹುಡುಕಾಟದಲ್ಲೇ ಆಗಿಹೋಗುತ್ತದೆ. ಸುಮ್ನೆ ಉತ್ತರ ಓದಿದಾಗ 'ಹೌದು ಹೌದು, ನನಗೂ ಗೊತ್ತಿತ್ತು' ಅನಿಸುತ್ತದೆ ನೋಡಿ, ಪರೀಕ್ಷೆಯ ಕೋಣೆಯಲ್ಲಿ ಕೈಕೊಡುವುದು ಅದೇ ಭಾವನೆ.

ಪ್ರಶ್ನೆ: ಎಐ ಇಷ್ಟು ಧೈರ್ಯವಾಗಿ ತಪ್ಪು ಹೇಳುವುದು ಯಾಕೆ? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬಾರದಾ? ನಾನು ಕಚೇರಿಯಲ್ಲಿ ವರದಿಗಳನ್ನು ತಯಾರಿಸುವವನು. ಒಮ್ಮೆ ಅದನ್ನು ನಂಬಿ ಎಲ್ಲರ ಎದುರು ತಲೆ ತಗ್ಗಿಸಬೇಕಾಯಿತು.
– ನೊಂದ ಓದುಗ

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ, ನನಗೂ ಆಗಿದೆ. ಒಂದು ಲೇಖನಕ್ಕಾಗಿ ಹಳೆಯ ಪುಸ್ತಕವೊಂದರ ಮಾತು ಬೇಕಿತ್ತು. ಎಐ ಆ ಮಾತನ್ನು ಉದ್ಧರಣ ಚಿಹ್ನೆ ಸಮೇತ ಕೊಟ್ಟಿತು, ಪುಟ 212 ಅಂತಲೂ ಹೇಳಿತು. ಪುಸ್ತಕ ನನ್ನ ಮೇಜಿನ ಮೇಲೇ ಇತ್ತು. ತೆಗೆದು ನೋಡಿದರೆ 188ನೇ ಪುಟಕ್ಕೇ ಮುಗಿದುಹೋಗುತ್ತದೆ! ಆ ಮಾತು ಇಡೀ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಆದರೆ ಆ ಲೇಖಕರು ಬರೆದಿರಬಹುದು ಅನ್ನಿಸುವಷ್ಟು ಅವರ ಧಾಟಿಯಲ್ಲೇ ಇತ್ತು. ಪುಸ್ತಕ ಕೈಗೆಟುಕುವ ಹಾಗೆ ಇರದಿದ್ದರೆ ನಾನು ಅದನ್ನು ಅಚ್ಚಿಗೆ ಕಳಿಸಿಬಿಡುತ್ತಿದ್ದೆನೋ ಏನೋ.

ಇದು ಯಾಕಾಗುತ್ತದೆ ಅಂದರೆ, ಈ ಎಐಗಳು ವಾಕ್ಯವನ್ನು ತುಂಡು ತುಂಡಾಗಿ ಕಟ್ಟುತ್ತವೆ. ಆ ತುಂಡುಗಳಿಗೆ ಟೋಕನ್ ಎನ್ನುತ್ತಾರೆ. ಲೆಕ್ಕವಿಲ್ಲದಷ್ಟು ಬರಹ ಓದಿಸಿ, ಇಷ್ಟು ಮಾತು ಆದಮೇಲೆ ಮುಂದೆ ಯಾವ ತುಂಡು ಬರುವ ಸಾಧ್ಯತೆ ಜಾಸ್ತಿ ಎಂಬುದನ್ನು ಅವುಗಳಿಗೆ ಕಲಿಸಿರುತ್ತಾರೆ. ಜನ ಮೆಚ್ಚುವಂತೆ ಉತ್ತರಿಸಲು ಆಮೇಲೆ ಇನ್ನಷ್ಟು ತಿದ್ದುತ್ತಾರೆ. ಸರಿಯಾದ ಉತ್ತರ ಹುಟ್ಟುವುದೂ ಹೀಗೇ, ತಪ್ಪು ಉತ್ತರ ಹುಟ್ಟುವುದೂ ಹೀಗೇ. ಅದಕ್ಕೇ ಎರಡರ ದನಿಯೂ ಒಂದೇ. ಮನುಷ್ಯನಿಗೆ ಗೊತ್ತಿಲ್ಲದಿದ್ದಾಗ ಮಾತು ತಡವರಿಸುತ್ತದೆ, ದನಿ ಇಳಿಯುತ್ತದೆ, ಕಣ್ಣು ಬೇರೆ ಕಡೆ ಹೋಗುತ್ತದೆ. ಚಿಕ್ಕಂದಿನಿಂದ ನಾವು ಅದನ್ನು ನೋಡಿಯೇ ಯಾರನ್ನು ಎಷ್ಟು ನಂಬಬೇಕು ಎಂದು ಅಳೆಯುತ್ತಾ ಬಂದವರು. ಇಲ್ಲಿ ಆ ಗುರುತೇ ಇಲ್ಲ. ನಮ್ಮ ಅಳತೆಗೋಲು ಕೆಲಸಕ್ಕೇ ಬರುವುದಿಲ್ಲ.

2023ರಲ್ಲಿ ನ್ಯೂಯಾರ್ಕಿನ ಕೋರ್ಟಿನಲ್ಲಿ ನಡೆದದ್ದನ್ನು ನೀವು ಕೇಳಿರಬಹುದು. ವಿಮಾನದಲ್ಲಿ ಊಟದ ತಳ್ಳುಗಾಡಿ ಮೊಣಕಾಲಿಗೆ ಬಡಿಯಿತು ಎಂದು ಪ್ರಯಾಣಿಕರೊಬ್ಬರು ಹಾಕಿದ ದಾವೆ. ಅವರ ಕಡೆಯ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಅರ್ಜಿಯಲ್ಲಿ ಸೇರಿಸಿದರು. ಎದುರು ಪಕ್ಷದವರು ಹುಡುಕಿದರೆ ಆ ತೀರ್ಪುಗಳೇ ಇಲ್ಲ! ಇಬ್ಬರು ವಕೀಲರಿಗೂ ಅವರ ಸಂಸ್ಥೆಗೂ ಸೇರಿ 5,000 ಡಾಲರ್ ದಂಡ ಬಿತ್ತು. ನನ್ನ ಮನಸ್ಸಿನಲ್ಲಿ ಉಳಿದದ್ದು ದಂಡವಲ್ಲ. ಆ ವಕೀಲರಿಗೆ ಒಂದು ಹಂತದಲ್ಲಿ ಅನುಮಾನ ಬಂದಿತ್ತು. ಈ ಪ್ರಕರಣ ನಿಜವಾಗಿ ಇದೆಯಾ ಎಂದು ಕೇಳಿದ್ದರು. ಆದರೆ ಕೇಳಿದ್ದು ಮತ್ತೆ ಚಾಟ್‌ಜಿಪಿಟಿಯನ್ನೇ. ಅದು ಇದೆ ಎಂದಿತು.

ಅನುಮಾನ ಬಂದ ಮೇಲೆ ಎಲ್ಲಿಗೆ ಹೋಗಬೇಕು ಎಂಬುದೂ ಗೊತ್ತಿರಬೇಕು. ಹೇಳಿದವರನ್ನೇ ಮತ್ತೆ ಕೇಳಿದರೆ ಪರಿಶೀಲನೆ ಆಗುವುದಿಲ್ಲ. ಮೂಲಕ್ಕೆ ಹೋಗಿ. ಈಗಿನ ಎಐಗಳು ಲಿಂಕ್ ಕೊಡುತ್ತವೆ, ಒಳ್ಳೆಯದೇ. ಆದರೆ ಲಿಂಕ್ ಇದೆ ಅಂದಮಾತ್ರಕ್ಕೆ ಸಮಾಧಾನ ಬೇಡ. ತೆರೆದು, ಆ ಪುಟದಲ್ಲಿ ಆ ಮಾತು ನಿಜಕ್ಕೂ ಇದೆಯಾ ಎಂದು ಓದಿ. ಎಲ್ಲವನ್ನೂ ಹೀಗೆ ನೋಡುತ್ತಾ ಕೂರಲು ಆಗುವುದಿಲ್ಲ, ಒಪ್ಪುತ್ತೇನೆ. ಹೆಸರು, ಇಸವಿ, ಅಂಕಿ, ಉದ್ಧರಣೆ ಇಷ್ಟನ್ನಾದರೂ ನೋಡಿ. ನಿಮ್ಮ ವರದಿಯಲ್ಲಿ ಎಡವಿದ್ದೂ ಇದರಲ್ಲಿ ಒಂದೇ ಇರಬೇಕು.

ಪ್ರಶ್ನೆ: ನಮ್ಮ ಮಗ ಮನೆಪಾಠವನ್ನೆಲ್ಲ ಎಐ ಹತ್ತಿರ ಮಾಡಿಸುತ್ತಾನೆ. ಮಾರ್ಕ್ಸ್ ಚೆನ್ನಾಗಿ ಬರುತ್ತಿದೆ. ಫೋನ್ ಕಿತ್ತುಕೊಂಡರೆ ರಂಪ. ಏನು ಮಾಡಲಿ?
– ಒಬ್ಬ ತಾಯಿ

ಉತ್ತರ: ಕಿತ್ತುಕೊಳ್ಳಬೇಡಿ. ಅವನು ಬರೆದದ್ದನ್ನು ಹಿಡಿದು ಪಕ್ಕದಲ್ಲಿ ಕೂತುಕೊಳ್ಳಿ. ಪೊಲೀಸರ ಹಾಗೆ ಬೇಡ, ನಿಮಗೆ ಅರ್ಥವಾಗಬೇಕು ಎಂಬ ಹಾಗೆ. ಒಂದೇ ಒಂದು ವಾಕ್ಯದ ಮೇಲೆ ಬೆರಳಿಟ್ಟು 'ಇದು ನನಗೆ ಗೊತ್ತಾಗಲಿಲ್ಲ ಕಣೋ, ಹೇಳು' ಅನ್ನಿ.

ನನ್ನ ಗೆಳತಿಯೊಬ್ಬಳು ಹೀಗೇ ಮಾಡಿದಳು. ಮಗಳ ಪ್ರಬಂಧದಲ್ಲಿ 'ಕಾಡು ನಾಶವಾದರೆ ಮಣ್ಣಿನ ಸವಕಳಿ ಹೆಚ್ಚುತ್ತದೆ' ಎಂಬ ಸಾಲಿತ್ತು. ಯಾಕೆ ಹೆಚ್ಚುತ್ತದೆ ಎಂದು ಕೇಳಿದಳು. ಹುಡುಗಿ ಆ ಸಾಲನ್ನೇ ಇನ್ನೊಮ್ಮೆ ಓದಿದಳು. ಮತ್ತೆ ಕೇಳಿದಾಗ ಸುಮ್ಮನಾದಳು. ಆಮೇಲೆ ತಾನೇ ನಿಧಾನಕ್ಕೆ 'ಬೇರು ಮಣ್ಣನ್ನು ಹಿಡಿದುಕೊಂಡಿರುತ್ತೆ ಅಲ್ವಾ? ಬೇರು ಹೋದ್ರೆ...' ಅಂದಳು. ಸ್ವಲ್ಪ ಹೊತ್ತಿಗೆ 'ಮಳೆ ಹನಿ ಮೊದಲು ಎಲೆ ಮೇಲೆ ಬೀಳುತ್ತಿತ್ತು, ಈಗ ಸೀದಾ ಮಣ್ಣಿಗೇ ಬೀಳುತ್ತೆ' ಎಂದಳು. ಇದು ಆ ಪ್ರಬಂಧದಲ್ಲಿ ಇರಲೇ ಇಲ್ಲ! ಗೆಳತಿ ಫೋನ್ ಮಾಡಿ ಇದನ್ನು ಹೇಳುವಾಗ ಅವಳ ದನಿಯಲ್ಲಿದ್ದ ಖುಷಿ ನನಗೆ ಇನ್ನೂ ನೆನಪಿದೆ.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರಲ್ಲ, ಆ ಮುಕ್ಕಾಲು ಬೆಳೆಯುವುದು ಇಂಥ ಹೊತ್ತಿನಲ್ಲಿ. ವಾರಕ್ಕೆ ಎರಡು ಸಲ, ಹತ್ತು ನಿಮಿಷ ಸಾಕು. ಅವನ ಶಿಕ್ಷಕರಿಗೂ ಒಂದು ಮಾತು ಹೇಳಿ ನೋಡಿ. ಬರೆದು ತಂದದ್ದಕ್ಕೆ ಕೊಡುವ ಮಾರ್ಕ್ಸ್‌ನಲ್ಲಿ ಸ್ವಲ್ಪವನ್ನು ಬಾಯಲ್ಲಿ ವಿವರಿಸುವುದಕ್ಕೆ ಇಟ್ಟರೆ ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ.

ಪ್ರಶ್ನೆ: ಕ್ಯಾಲ್ಕುಲೇಟರ್ ಬಂದಾಗಲೂ ಹೀಗೇ ಹೆದರಿಸಿದರು. ಬರವಣಿಗೆ ಬಂದರೆ ನೆನಪು ಹಾಳಾಗುತ್ತದೆ ಎಂದು ಸಾಕ್ರೆಟಿಸ್ ಕೂಡ ಹೇಳಿದ್ದನಂತೆ. ನೀವೆಲ್ಲ ಅದೇ ಹಳೇ ರಾಗ ಹಾಡುತ್ತಿದ್ದೀರಿ ಅನಿಸುವುದಿಲ್ಲವೇ?
– ಸಾಫ್ಟ್‌ವೇರ್ ಉದ್ಯೋಗಿ

ಉತ್ತರ: ಒಳ್ಳೆಯ ಏಟು. ಪ್ಲೇಟೋ ಬರೆದ ಸಂಭಾಷಣೆಯಲ್ಲಿ ಸಾಕ್ರೆಟಿಸ್ ಅಂಥ ಮಾತು ಹೇಳುವುದು ನಿಜ. ಆ ಆತಂಕ ನಮ್ಮವರೆಗೆ ಬಂದದ್ದೇ ಬರವಣಿಗೆಯಿಂದ ಎಂಬುದೂ ನಿಜ. ಹೊಸ ಉಪಕರಣ ಬಂದಾಗಲೆಲ್ಲ ನಾವು ಏನನ್ನೋ ಬಿಟ್ಟುಕೊಟ್ಟು ಏನನ್ನೋ ಪಡೆದಿದ್ದೇವೆ. ಬಾಯಿಪಾಠ ಕಡಿಮೆಯಾಯಿತು, ಗ್ರಂಥಾಲಯಗಳು ಬಂದವು. ಅದರ ಬಗ್ಗೆ ನನಗೆ ತಕರಾರಿಲ್ಲ.

ಆದರೆ ಕ್ಯಾಲ್ಕುಲೇಟರಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕ್ಯಾಲ್ಕುಲೇಟರ್ ಏಳೆಂಟಲಿ ಎಷ್ಟು ಎಂದರೆ 56 ಎನ್ನುತ್ತದೆ, ಹೇಗೆ ಕೇಳಿದರೂ 56. ಗುಣಿಸಬೇಕೋ ಭಾಗಿಸಬೇಕೋ ಎಂದು ತೀರ್ಮಾನ ಮಾಡುವುದು ನೀವು. ಎಐಗೆ ನಾವು ಕೊಡುತ್ತಿರುವುದು ಆ ತೀರ್ಮಾನವನ್ನೇ. ಯಾವುದು ಮುಖ್ಯ, ಯಾವುದನ್ನು ಬಿಡಬೇಕು, ಯಾವ ವಾದ ಗಟ್ಟಿ, ಎಲ್ಲವನ್ನೂ. ಅದೂ ಕೇಳುವ ಧಾಟಿ ಬದಲಾದರೆ ಉತ್ತರವನ್ನೂ ಬದಲಿಸುವ ಉಪಕರಣಕ್ಕೆ.

ಇನ್ನೊಂದು ವಿಷಯವಿದೆ, ನೀವು ಸಾಫ್ಟ್‌ವೇರಿನವರಾದ್ದರಿಂದ ಹೇಳುತ್ತೇನೆ. ಲಿಸಾನ್ ಬೈನ್‌ಬ್ರಿಜ್ ಎಂಬ ಮನಶ್ಶಾಸ್ತ್ರಜ್ಞೆ 1983ರಲ್ಲೇ ಇದನ್ನು ಬರೆದಿಟ್ಟರು. ಯಂತ್ರ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೋ ಮನುಷ್ಯನಿಗೆ ಅಷ್ಟು ಅಭ್ಯಾಸ ತಪ್ಪುತ್ತದೆ. ಆದರೆ ಯಂತ್ರ ಕೈಚೆಲ್ಲುವುದು ಅತಿ ಕಷ್ಟದ ಹೊತ್ತಿನಲ್ಲೇ, ಅಭ್ಯಾಸ ತಪ್ಪಿದ ಅದೇ ಮನುಷ್ಯನನ್ನು ಆಗ ಕರೆಯುತ್ತೇವೆ. ಬ್ರೆಜಿಲ್‌ನ ರಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ ವಿಮಾನ 2009ರ ಜೂನ್ 1ರಂದು ಅಟ್ಲಾಂಟಿಕ್ ಸಮುದ್ರಕ್ಕೆ ಬಿತ್ತು. ವೇಗ ಅಳೆಯುವ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿ, ಆಟೊಪೈಲಟ್ ತಾನಾಗಿ ಬಿಟ್ಟುಕೊಟ್ಟಿತು. ಅಷ್ಟು ಎತ್ತರದಲ್ಲಿ, ಕತ್ತಲಲ್ಲಿ, ಥಟ್ಟನೆ ಕೈಗೆ ಬಂದ ವಿಮಾನವನ್ನು ಪೈಲಟ್‌ಗಳಿಗೆ ಹಿಡಿದು ನಿಲ್ಲಿಸಲು ಆಗಲಿಲ್ಲ. 228 ಜನ ಹೋದರು. ಆಟೊಪೈಲಟ್ ಬೇಡ ಎಂದು ಆಮೇಲೂ ಯಾರೂ ಹೇಳಲಿಲ್ಲ, ಅದು ಬೇಕೇ ಬೇಕು. ಕೈಯಿಂದ ಹಾರಿಸುವ ಅಭ್ಯಾಸವೂ ಇರಲಿ ಎಂದರು. ಎಐ ಬರೆದ ಕೋಡ್ ನಡುರಾತ್ರಿ ಕೈಕೊಟ್ಟಾಗ ಅದನ್ನು ಸಾಲು ಸಾಲಾಗಿ ಓದಬಲ್ಲವರು ನಿಮ್ಮ ತಂಡದಲ್ಲಿ ಎಷ್ಟು ಜನ ಇದ್ದೀರಿ?

ಪ್ರಶ್ನೆ: ನಾನು ಏನು ಹೇಳಿದರೂ ಎಐ 'ತುಂಬಾ ಒಳ್ಳೆಯ ಯೋಚನೆ' ಎನ್ನುತ್ತದೆ. ಅಂದರೆ ನನ್ನ ಯೋಚನೆ ಸರಿ ಇದೆ ಅಂತ ತಾನೇ?
– ಹೊಸ ವ್ಯಾಪಾರದ ಯೋಜನೆಯಲ್ಲಿರುವವರು

ಉತ್ತರ: ಇಲ್ಲ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಒಂದು ಹೊಸ ಆವೃತ್ತಿ ಎಷ್ಟು ಹೊಗಳಲು ಶುರು ಮಾಡಿತೆಂದರೆ, ಓಪನ್‌ಎಐ ಕಂಪನಿಯೇ ಅದು ಅತಿಯಾಯಿತು ಎಂದು ಒಪ್ಪಿಕೊಂಡು ಕೆಲವೇ ದಿನಗಳಲ್ಲಿ ವಾಪಸ್ ತೆಗೆದುಕೊಂಡಿತು.

ನಮ್ಮ ಸ್ವಭಾವವೂ ಇದಕ್ಕೆ ತಕ್ಕ ಹಾಗೇ ಇದೆ. 1960ರಲ್ಲಿ ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಪ್ರಕಟಿಸಿದರು. 2, 4, 6 ಎಂಬ ಸಂಖ್ಯೆಗಳು ಒಂದು ನಿಯಮಕ್ಕೆ ಸೇರುತ್ತವೆ, ನೀವೂ ಮೂರು ಮೂರು ಸಂಖ್ಯೆ ಹೇಳುತ್ತಾ ಆ ನಿಯಮ ಕಂಡುಹಿಡಿಯಿರಿ ಎಂದರು. ತುಂಬಾ ಜನ 8, 10, 12 ಎಂದರು. ಹೌದು ಎಂಬ ಉತ್ತರ ಬಂತು. 20, 22, 24? ಹೌದು. ಎರಡೆರಡು ಜಾಸ್ತಿಯಾಗುತ್ತಾ ಹೋಗಬೇಕು, ಇದೇ ನಿಯಮ ಎಂದರು. ತಪ್ಪು! ಸಂಖ್ಯೆಗಳು ಏರುತ್ತಾ ಹೋದರೆ ಸಾಕು, ಅಷ್ಟೇ ನಿಯಮ. 1, 2, 50 ಎಂದು ಒಮ್ಮೆ ಕೇಳಿದ್ದರೆ ಗೊತ್ತಾಗುತ್ತಿತ್ತು. ತಮ್ಮ ಊಹೆ ಮುರಿಯುವಂಥ ಪ್ರಶ್ನೆ ಕೇಳುವುದು ಹೆಚ್ಚಿನವರಿಗೆ ಹೊಳೆಯಲೇ ಇಲ್ಲ.

ನಿಮ್ಮ ಯೋಜನೆ ಚೆನ್ನಾಗಿದೆಯಾ ಎಂದು ಕೇಳುವುದನ್ನು ಬಿಡಿ. ಇದು ಮುಳುಗಿದರೆ ಯಾವ ಕಾರಣಕ್ಕೆ ಮುಳುಗಬಹುದು, ಅದನ್ನು ಮಾತ್ರ ಹೇಳು ಎಂದು ಕೇಳಿ. ಇದೇ ಯೋಜನೆಯನ್ನು ನಿಮ್ಮದು ಅನ್ನದೆ, ಬೇರೆಯವರದು, ಇದಕ್ಕೆ ದುಡ್ಡು ಹಾಕಬೇಕೋ ಬೇಡವೋ ಎಂದು ಕೇಳಿ ನೋಡಿ. ಉತ್ತರ ಎಷ್ಟು ಬದಲಾಯಿತು ಎಂಬುದರಿಂದಲೇ ಮೊದಲ ಹೊಗಳಿಕೆಯ ತೂಕ ತಿಳಿಯುತ್ತದೆ. ಆಮೇಲೆ, ದಯವಿಟ್ಟು, ಈ ವ್ಯಾಪಾರದಲ್ಲಿ ಕೈಸುಟ್ಟುಕೊಂಡ ಒಬ್ಬ ಮನುಷ್ಯನ ಹತ್ತಿರ ಅರ್ಧ ಗಂಟೆ ಕೂತು ಮಾತಾಡಿ.

ಪ್ರಶ್ನೆ: ನನ್ನ ಕೆಲಸದಲ್ಲಿ ಯಾರ ಅರ್ಜಿ ಒಪ್ಪಬೇಕು, ಯಾರದ್ದು ಬಿಡಬೇಕು ಎಂದು ಈಗ ಸಾಫ್ಟ್‌ವೇರ್ ಹೇಳುತ್ತದೆ. ನಾನು ಸಹಿ ಮಾಡುತ್ತೇನೆ, ಅಷ್ಟೇ. ತಪ್ಪಾದರೆ ಅದು ನನ್ನ ತಪ್ಪಾ?
– ಹೆಸರು ಬೇಡ

ಉತ್ತರ: ಈ ಪತ್ರವನ್ನು ನಾನು ಮೂರು ನಾಲ್ಕು ಸಲ ಓದಿದೆ. ನೀವು ಕೇಳಿದ್ದೇ ಹೇಳುತ್ತದೆ, ನಿಮಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಆಸ್ಟ್ರೇಲಿಯಾದಲ್ಲಿ 2015ರಿಂದ ಕೆಲವು ವರ್ಷ ಒಂದು ವ್ಯವಸ್ಥೆ ನಡೆಯಿತು. ಜನ ಅದಕ್ಕೆ ರೋಬೊಡೆಟ್, ಅಂದರೆ ರೋಬೊ ಹೊರಿಸಿದ ಸಾಲ, ಎಂದು ಹೆಸರಿಟ್ಟರು. ಸರ್ಕಾರದ ಭತ್ಯೆ ಪಡೆಯುವವರು ಹದಿನೈದು ದಿನಕ್ಕೊಮ್ಮೆ ತಮ್ಮ ಆದಾಯ ಹೇಳಬೇಕು. ಕಂಪ್ಯೂಟರ್ ಏನು ಮಾಡಿತು? ತೆರಿಗೆ ಇಲಾಖೆಯಲ್ಲಿದ್ದ ಇಡೀ ವರ್ಷದ ಆದಾಯವನ್ನು ತೆಗೆದುಕೊಂಡು 26 ಕಂತುಗಳಿಗೆ ಸಮನಾಗಿ ಹಂಚಿತು. ಈಗ ಒಬ್ಬರನ್ನು ಕಣ್ಮುಂದೆ ತಂದುಕೊಳ್ಳಿ. ಆರು ತಿಂಗಳು ಕೆಲಸ ಇರಲಿಲ್ಲ, ಆಗ ನ್ಯಾಯವಾಗಿಯೇ ಭತ್ಯೆ ಪಡೆದರು. ಆಮೇಲೆ ಕೆಲಸ ಸಿಕ್ಕಿತು, ಆರು ತಿಂಗಳು ದುಡಿದರು. ಸಮನಾಗಿ ಹಂಚಿದಾಗ, ಕೆಲಸವಿಲ್ಲದ ತಿಂಗಳುಗಳಲ್ಲೂ ಅವರು ದುಡಿದಂತೆ ಕಂಡಿತು. ಸುಳ್ಳು ಹೇಳಿ ಭತ್ಯೆ ಪಡೆದಿದ್ದೀರಿ, ವಾಪಸ್ ಕೊಡಿ ಎಂದು ಪತ್ರ ಹೋಯಿತು. ಮೊದಲು ಇಂಥ ವ್ಯತ್ಯಾಸ ಕಂಡರೆ ಸಿಬ್ಬಂದಿ ಕೂತು ನೋಡುತ್ತಿದ್ದರು. ಹಾಗೆ ನೋಡುವ ಮನುಷ್ಯನನ್ನೇ ಇಲ್ಲಿ ತೆಗೆದುಬಿಟ್ಟಿದ್ದರು. ಭಾಗಾಕಾರದಲ್ಲಿ ಒಂದು ತಪ್ಪೂ ಇರಲಿಲ್ಲ ನೋಡಿ. ಭಾಗಿಸಬಹುದಾ ಎಂದು ಕೇಳುವವರು ಇರಲಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಇದರಲ್ಲಿ ಸಿಕ್ಕಿಕೊಂಡರು. ಇದು ಕಾನೂನಿಗೆ ವಿರುದ್ಧ ಎಂದು ಸರ್ಕಾರವೇ 2019ರಲ್ಲಿ ಕೋರ್ಟಿನಲ್ಲಿ ಒಪ್ಪಿತು. ಮರುವರ್ಷ 72 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗಿಂತ ಹೆಚ್ಚು ಹಣ ಹಿಂದಿರುಗಿಸುವುದಾಗಿ ಹೇಳಿತು. 2023ರಲ್ಲಿ ವಿಚಾರಣಾ ಆಯೋಗದ ವರದಿಯೂ ಬಂತು. ಅದು ಈಗಿನಂಥ ಎಐ ಅಲ್ಲ, ಬರೀ ಸರಾಸರಿ. ಅಷ್ಟಕ್ಕೇ ಹೀಗಾಯಿತು.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಪೂರ್ತಿ ನಿಮ್ಮ ತಪ್ಪಲ್ಲ. ಆ ವ್ಯವಸ್ಥೆ ತಂದವರ ಹೊಣೆ ನಿಮ್ಮದಕ್ಕಿಂತ ದೊಡ್ಡದು. ಆದರೆ ನಿಮ್ಮ ಸಹಿ ಅಲ್ಲಿರುವುದು ಒಬ್ಬ ಮನುಷ್ಯ ನೋಡಿದ್ದಾನೆ ಎಂಬ ಭರವಸೆಗಾಗಿ. ಹಾಗಾಗಿ ನೋಡಿ. ದಿನಕ್ಕೆ ನೂರು ಅರ್ಜಿ ಬಂದರೆ ತಿರಸ್ಕಾರವಾದ ಐದನ್ನಾದರೂ ಪೂರ್ತಿ ಓದಿ. ಸಾಫ್ಟ್‌ವೇರ್ ಹೇಳಿದ್ದು ಸರಿ ಕಾಣದಿದ್ದರೆ ಯಾಕೆ ಎಂದು ಎರಡು ಸಾಲು ಬರೆದು ಮೇಲಿನವರಿಗೆ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ತಿರಸ್ಕಾರವಾದವರಿಗೆ ಮನವಿ ಕೊಡಲು ದಾರಿ ಇದೆಯಾ, ಅದು ಅವರಿಗೆ ಗೊತ್ತಾ ಎಂದು ವಿಚಾರಿಸಿ. ಒಬ್ಬರೇ ಹೇಳಲು ಭಯವಾದರೆ ಇಬ್ಬರು ಸೇರಿ ಹೇಳಿ.

ಪ್ರಶ್ನೆ: ಹಾಗಾದರೆ ಎಐ ಬಳಸುವುದನ್ನೇ ಬಿಟ್ಟುಬಿಡಬೇಕಾ?
– ಗೊಂದಲದಲ್ಲಿರುವ ಓದುಗ

ಉತ್ತರ: ಬೇಡ. ನಾನೂ ದಿನಾ ಬಳಸುತ್ತೇನೆ. ಉದ್ದದ ದಾಖಲೆಯಲ್ಲಿ ಏನು ಎಲ್ಲಿದೆ ಎಂದು ಹುಡುಕಲು, ನನ್ನ ವಾದದಲ್ಲಿ ತೂತು ಎಲ್ಲಿದೆ ಎಂದು ಕೇಳಲು ಅದು ತುಂಬಾ ಒಳ್ಳೆಯದು.

ಪ್ರಶ್ನೆ: ಎರಡು ಸಂಚಿಕೆಗಳ ಹಿಂದೆ ನೀವು, ಎಲಿಜಾ ಎಂಬ ಹಳೆಯ ಚಾಟ್‌ಬಾಟ್ 1956ರಲ್ಲಿ ಬಂತು ಎಂದು ಬರೆದಿದ್ದಿರಿ. ನನಗೆ ಅನುಮಾನ ಬಂತು. ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು, ಟೈಪ್ ಮಾಡುತ್ತಾ ಬಳಸುವ ವ್ಯವಸ್ಥೆಯನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮೊದಲು ತೋರಿಸಿದ್ದೇ 1961ರಲ್ಲಿ, ಎಲಿಜಾ ನಡೆದದ್ದು ಅಂಥದ್ದರ ಮೇಲೆ. ಎಐ ಕೇಳಿದೆ, 1966 ಎಂದಿತು. ಅದನ್ನೂ ನಂಬದೆ ಮೂಲ ಲೇಖನ ಹುಡುಕಿದೆ. ಎಸಿಎಂ ಎಂಬ ಕಂಪ್ಯೂಟರ್ ತಜ್ಞರ ಸಂಸ್ಥೆಯ ಪತ್ರಿಕೆ, ಜನವರಿ 1966. ನಾನು ಹೇಳುತ್ತಿರುವುದು ಸರಿಯೇ?
– ನಿವೃತ್ತ ಶಿಕ್ಷಕ

ಉತ್ತರ: ಪೂರ್ತಿ ಸರಿ ಸರ್, ತಪ್ಪು ನನ್ನದು. 1956 ಎಂಬುದು ಡಾರ್ಟ್‌ಮತ್ ಕಾಲೇಜಿನಲ್ಲಿ ಎಐ ಬಗ್ಗೆ ಆ ಹೆಸರಿನಲ್ಲೇ ಮೊದಲ ಬೇಸಿಗೆ ಕಮ್ಮಟ ನಡೆದ ವರ್ಷ. ನೆನಪಿನಿಂದ ಬರೆಯುವಾಗ ಎರಡೂ ಬೆರೆತುಹೋಗಿವೆ, ನೋಡಿ ಬರೆಯಬೇಕಿತ್ತು, ನೋಡಲಿಲ್ಲ. ಎಲಿಜಾ ಬರೆದವರು ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಎಂಬುದು ಮಾತ್ರ ಸರಿಯಾಗಿತ್ತು. ಪತ್ರ ಬಂದ ದಿನವೇ ನಾನೂ ಆ ಲೇಖನ ತೆಗೆದು ತಿಂಗಳು ನೋಡಿದೆ. ತಿದ್ದುಪಡಿಯನ್ನು ಈ ಸಂಚಿಕೆಯ ಮೊದಲ ಪುಟದಲ್ಲೇ ಹಾಕಿದ್ದೇವೆ. ಬೇರೆ ಏನಾದರೂ ಕಣ್ಣಿಗೆ ಬಿದ್ದರೆ ದಯವಿಟ್ಟು ಬರೆಯಿರಿ. ಈ ಸಲ ಕೊಟ್ಟ ಇಸವಿಗಳನ್ನೂ ಒಮ್ಮೆ ನೋಡಿ.